ದೀಪ ಹಚ್ಚುವ ಹೊತ್ತಿನ ಕಿಟಕಿಗಳು

ಖಾನಾಪುರ
18 ಜೂನ್ 2023

ಸ್ನೇಹಲಾ,

ಜಯ ಜಿನೇಂದ್ರ. ಆರು ವರ್ಷದ ಮೇಲೆ ಮಾವಶಿಗೆ ನನ್ನ ನೆನಪು ಹೇಗೆ ಬಂತು ಎಂದು ನೀನು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ, ಕೆಲಸವಿದ್ದೇ ಬರೆಯುತ್ತಿದ್ದೇನೆ. ನಿನ್ನ ಫೋನ್ ನಂಬರು ನನ್ನ ಹತ್ತಿರ ಇದೆ. ಆದರೆ ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಸುಮ್ಮನಿರಲೇಬೇಕಾಗುತ್ತದೆ.

ವಿಷಯ ಫಕೀರವ್ವನದು. ಮಳೆ ಶುರುವಾದಾಗಿನಿಂದ ಅವಳ ಕೆಮ್ಮು ಜಾಸ್ತಿಯಾಗಿದೆ. ನಿನಗೆ ಗೊತ್ತಲ್ಲ, ಈ ಬೋರ್ಡಿಂಗಿನ ಇಪ್ಪತ್ತೆರಡು ಹುಡುಗಿಯರ ತಲೆ ಬಾಚುವುದರಿಂದ ಹಿಡಿದು ರಾತ್ರಿ ಅವರ ಜೊತೆ ಪಡಸಾಲೆಯಲ್ಲಿ ಮಲಗುವವರೆಗೆ ಎಲ್ಲವೂ ಅವಳದೇ. ಈಗ ನಮ್ಮ ಟ್ರಸ್ಟಿನ ಅಧ್ಯಕ್ಷ ಉತ್ತಮಣ್ಣ ಹಟ ಹಿಡಿದಿದ್ದಾರೆ. "ಮುದುಕಿ ಹುಡುಗ್ಯಾರ ನಡುವ ಕೆಮ್ಮಕೋತ ಮಲಗೂದು ಬ್ಯಾಡ್ರಿ ಚಂಪಾಬಾಯಿ, ಹಿಂದಿನ ಕಟ್ಟಿಗಿ ಖೋಲಿಗೆ ಹಾಕ್ರಿ," ಅನ್ನುತ್ತಾರೆ. ಆ ಖೋಲಿಯಲ್ಲಿ ಕಟ್ಟಿಗೆಯೇ ಬೂಸ್ಟು ಹಿಡಿಯುತ್ತದೆ, ಮನುಷ್ಯರ ಗತಿ ಏನು. ಹತ್ತನೇ ಇಯತ್ತೆಯ ನಿಖಿತಾ ಎಂಬ ಹುಡುಗಿ ಅವಳ ಪಕ್ಕದಲ್ಲೇ ಮಲಗುತ್ತಾಳೆ, ತಾಯಿಯಿಲ್ಲದ್ದು. ಫಕೀರವ್ವನನ್ನು ಕಳಿಸಿದರೆ ತಾನೂ ಕಟ್ಟಿಗೆ ಖೋಲಿಗೆ ಹೋಗುತ್ತೇನೆಂದು ಕೂತಿದ್ದಾಳೆ. ನನ್ನ ಅಕ್ಕ, ನಿನ್ನ ತಾಯಿ, ತೀರಿಕೊಂಡ ವರ್ಷ ನೀನೂ ಹಾಗೇ ಫಕೀರವ್ವನ ಸೆರಗು ಹಿಡಿದು ತಿರುಗುತ್ತಿದ್ದೆ.

ಕಟ್ಟಡದೊಳಗೆ ಗಾಳಿ ಹೇಗೆ ಹರಿಯುತ್ತದೆ, ರೋಗದ ಹನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೀನು ಕಂಪ್ಯೂಟರಿನಲ್ಲಿ ಮುಂಚೆಯೇ ಹೇಳುತ್ತೀಯಂತೆ. ಪೇಪರಿನಲ್ಲಿ ಬಂದಿತ್ತು, ಕತ್ತರಿಸಿ ಇಟ್ಟಿದ್ದೇನೆ. ನಮ್ಮ ಪಡಸಾಲೆಗೂ ಹಾಗೊಂದು ಮಾಡಿಕೊಡು. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಉದ್ದ ನಲವತ್ತೆರಡು ಅಡಿ, ಅಗಲ ಹದಿನೆಂಟು. ಪಶ್ಚಿಮಕ್ಕೆ ನಾಲ್ಕು, ಪೂರ್ವಕ್ಕೆ ಮೂರು, ಒಟ್ಟು ಏಳು ಕಿಟಕಿ. ಎಲ್ಲವೂ ಚೆನ್ನಾಗಿ ತೆರೆಯುತ್ತವೆ. ಫಕೀರವ್ವನ ಹಾಸಿಗೆ ಪೂರ್ವದ ಕೊನೆಯ ಕಿಟಕಿಯ ಕೆಳಗೆ.

ಉತ್ತಮಣ್ಣ ನನ್ನ ಮಾತು ಕೇಳುವುದಿಲ್ಲ, ಅಚ್ಚು ಹಾಕಿದ ಕಾಗದದ ಮಾತು ಕೇಳುತ್ತಾರೆ.

ನಿನ್ನ ಮಾವಶಿ
ಚಂಪಾಬಾಯಿ

❖

ಬೆಳಗಾವಿ
2 ಜುಲೈ 2023

ಪೂಜ್ಯ ಮಾವಶಿಯವರಿಗೆ,

ನಿಮ್ಮ ಪತ್ರ ಬಂದ ದಿನ ಕಾಲೇಜಿನಲ್ಲಿ ಎರಡು ತಾಸು ತಪ್ಪು ಪಾಠ ಮಾಡಿದೆನಂತೆ, ಹುಡುಗರು ಹೇಳಿದರು. ಕೆಲಸವಿದ್ದೇ ಬರೆದಿರಿ ಅಂದಿದ್ದೀರಿ. ಇರಲಿ, ಕೆಲಸಕ್ಕಾದರೂ ಬರೆದಿರಲ್ಲ.

ಪಡಸಾಲೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದೆ. ಗೋಡೆ, ಹಾಸಿಗೆ, ಏಳು ಕಿಟಕಿ, ಮಲಗಿದ ಇಪ್ಪತ್ಮೂರು ಮೈಗಳ ಬಿಸಿ, ಎಲ್ಲವನ್ನೂ ಇಟ್ಟೆ. ಒಳಗಿನ ಗಾಳಿಯನ್ನು ಲಕ್ಷಗಟ್ಟಲೆ ಸಣ್ಣ ಡಬ್ಬಿಗಳಾಗಿ ಹೆಚ್ಚಿ, ಒಂದು ಡಬ್ಬಿಯಿಂದ ಪಕ್ಕದ ಡಬ್ಬಿಗೆ ಎಷ್ಟು ಗಾಳಿ ದಾಟುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಕಸುಬು. ಆಮೇಲೆ ಪೂರ್ವದ ಕೊನೆಯ ಕಿಟಕಿಯ ಕೆಳಗೆ ಒಬ್ಬರನ್ನು ಕೆಮ್ಮಿಸಿದೆ. ಕಂಪ್ಯೂಟರಿನಲ್ಲಿ ಅವರಿಗೆ ಹೆಸರಿಲ್ಲ, ಬರೀ ಒಂದು ಬಿಂದು. ನನಗೆ ಮಾತ್ರ ಅದು ಕೆಮ್ಮಿದಾಗಲೆಲ್ಲ ಬಳೆಯ ಸದ್ದೂ ಕೇಳಿಸುತ್ತಿತ್ತು.

ಫಲ ಒಳ್ಳೆಯದೇ ಇದೆ. ಕಿಟಕಿಗಳು ತೆರೆದಿದ್ದಾಗ ಪಡಸಾಲೆಯ ಗಾಳಿ ತಾಸಿಗೆ ಏಳು ಸಲ ಬದಲಾಗುತ್ತದೆ. ಮಳೆಗಾಲದ ಗಾಳಿ ಪಶ್ಚಿಮದಿಂದ ಒಳಗೆ ಬಂದು, ಹುಡುಗಿಯರನ್ನು ದಾಟಿ, ಫಕೀರವ್ವನ ಮೇಲಿನಿಂದ ಹೊರಗೆ ಹೋಗುತ್ತದೆ. ಅವಳ ಕೆಮ್ಮು ಹಿಂದಕ್ಕೆ ಬರುವುದಿಲ್ಲ. ಅವಳ ಹಾಸಿಗೆಗೆ ಅದಕ್ಕಿಂತ ಒಳ್ಳೆಯ ಜಾಗ ಇಡೀ ಬೋರ್ಡಿಂಗಿನಲ್ಲಿಲ್ಲ. ಉತ್ತಮಣ್ಣನವರಿಗೆ ತೋರಿಸಲು ಚಿತ್ರ ಸಮೇತ ಎರಡು ಪುಟದ ವರದಿ ಇಟ್ಟಿದ್ದೇನೆ.

ವರದಿಯ ಕೊನೆಯ ಸಾಲನ್ನೂ ಓದಿ. ಮೂರು ವಾರಕ್ಕಿಂತ ಹೆಚ್ಚಿನ ಕೆಮ್ಮಿಗೆ ತಾಲೂಕು ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡಿಸಬೇಕು.

ನಮ್ಮ ಮನೆಯವರು, ಗೌರೀಶ, ನಿಮಗೆ ಶರಣು ಹೇಳಿದ್ದಾರೆ. ಹೇಳಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನಿಮ್ಮ
ಸ್ನೇಹಲಾ

❖

ಖಾನಾಪುರ
12 ಜುಲೈ 2023

ಸ್ನೇಹಲಾ,

ಗೆದ್ದೆವು. ಕಮಿಟಿಯಲ್ಲಿ ನಿನ್ನ ವರದಿಯನ್ನು ನಾನೇ ನಿಂತು ಓದಿದೆ. ಮೂವತ್ತೊಂದು ವರ್ಷ ಸಾಲೆಯಲ್ಲಿ ಪಾಠ ಓದಿದ ದನಿ, ಇನ್ನೂ ಕೆಟ್ಟಿಲ್ಲ. ಚಿತ್ರದಲ್ಲಿ ಗಾಳಿ ನೀಲಿ ಬಾಣಗಳಾಗಿ ಕಿಟಕಿಯಿಂದ ಹೊರಗೆ ಹೋಗುವುದನ್ನು ನೋಡಿ ಉತ್ತಮಣ್ಣ, "ಹುಡುಗಿ ಶಾಣ್ಯಾ ಅದಾಳ ಬಿಡ್ರಿ," ಅಂದರು. ಆರು ವರ್ಷದ ಹಿಂದೆ ಇದೇ ಬಾಯಿ ನಿನ್ನ ಲಗ್ನದ ಬಗ್ಗೆ ಏನೇನು ಅಂದಿತ್ತು ಎಂದು ನೆನಪಿಸಬೇಕೆನ್ನಿಸಿತು, ನುಂಗಿಕೊಂಡೆ.

ಫಕೀರವ್ವ ತನ್ನ ಜಾಗದಲ್ಲೇ ಇದ್ದಾಳೆ. ಆ ವರದಿಯನ್ನು ಮಡಚಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಓದಲು ಬರುವುದಿಲ್ಲ. "ನಮ್ಮ ಸ್ನೇಹಲವ್ವ ಬರದಾಳ್ರಿ, ನನ್ನ ಕೆಮ್ಮು ಕಿಡಕ್ಯಾಗ ಹೋಗತೈತೆಂತ," ಎಂದು ಹಾಲು ಕೊಡುವವಳಿಗೂ ಹೇಳಿದಳು. ನಿನಗೆ ಬಳ್ಳೊಳ್ಳಿ ಹಾಕದ ಶೇಂಗಾ ಹಿಂಡಿ ಕುಟ್ಟಿ ಕಳಿಸಿದ್ದಾಳೆ. ನಿಮ್ಮ ಮನೆಯಲ್ಲಿ ಈಗ ಬಳ್ಳೊಳ್ಳಿ ನಡೆಯುತ್ತದೆ ಎಂದು ನಾನು ಅವಳಿಗೆ ಹೇಳಲಿಲ್ಲ.

ಒಂದು ಮಾತು. ಮೊದಲು ನನ್ನನ್ನು ನೀನು ಎಂದೇ ಕರೆಯುತ್ತಿದ್ದೆ. ಈಗ ನಾನು ಪೂಜ್ಯಳೂ ಆಗಿದ್ದೇನೆ, ನೀವೂ ಆಗಿದ್ದೇನೆ. ವಯಸ್ಸಾಯಿತು ಎಂದು ಸಮಾಧಾನ ಮಾಡಿಕೊಂಡೆ.

ನಿನ್ನ ಯಜಮಾನರಿಗೆ ನನ್ನ ಆಶೀರ್ವಾದ ತಿಳಿಸು.

ಚಂಪಾಬಾಯಿ

❖

ಖಾನಾಪುರ
3 ಜನವರಿ 2024

ಸ್ನೇಹಲಾ,

ಆರು ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಈಗ ಬರೆಯುವುದು ಸುಖದ ಸುದ್ದಿಯಲ್ಲ.

ದೀಪಾವಳಿ ಸೂಟಿ ಮುಗಿಸಿ ಬಂದ ನಿಖಿತಾ ಸೊರಗಿದ್ದಳು. ಸಂಜೆ ಜ್ವರ, ಊಟ ಬೇಡ. ಪರೀಕ್ಷೆಯ ವರ್ಷ, ಓದಿನ ದಣಿವು ಎಂದುಕೊಂಡೆ. ಡಿಸೆಂಬರಿನಲ್ಲಿ ಕೆಮ್ಮಿದಾಗ ರಕ್ತ ಬಂತು. ಕ್ಷಯ. ಆಸ್ಪತ್ರೆಯವರು ಬಂದು ಎಲ್ಲ ಹುಡುಗಿಯರನ್ನೂ ನೋಡಿದರು, ಉಳಿದವರು ಸದ್ಯಕ್ಕೆ ಚೆನ್ನಾಗಿದ್ದಾರೆ. ಫಕೀರವ್ವನ ಕಫವನ್ನೂ ಒಯ್ದರು. ಅವಳಿಗೂ ಅದೇ, ಬಹಳ ದಿನದಿಂದ. ನಿಖಿತಾಗೆ ಬಂದದ್ದು ಅವಳಿಂದಲೇ ಎಂದು ಡಾಕ್ಟರು ನನ್ನೆದುರೇ ಅವಳಿಗೆ ಹೇಳಿದರು.

ಅವಳು ಅಳಲಿಲ್ಲ. ಪಡಸಾಲೆಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು, "ಆ ಕೂಸಿಗೆ ನಾ ಕೊಟ್ಟದ್ದು ಇದನಾ ಅಕ್ಕಾರ?" ಎಂದಳು. ಮರುದಿನ ಬೆಳಿಗ್ಗೆ ನೋಡಿದರೆ ಗಂಟು ಕಟ್ಟಿಕೊಂಡು ಹೋಗಿದ್ದಾಳೆ. ಪೀರನವಾಡಿಯಲ್ಲಿ ಅವಳ ತಂಗಿಯ ಮಗನಿದ್ದಾನೆ, ಅಲ್ಲಿದ್ದಾಳೆ. ಗುಳಿಗೆ ಶುರುವಾಗಿದೆ. ನಿಖಿತಾಳನ್ನು ಅವಳ ಅಪ್ಪ ಊರಿಗೆ ಒಯ್ದಿದ್ದಾನೆ. ಮೂವತ್ತೊಂದು ಕಿಲೋ ತೂಗುತ್ತಾಳೆ.

ಈಗ ನನ್ನ ತಪ್ಪು ಕೇಳು. ಕಮಿಟಿಯಲ್ಲಿ ನಿನ್ನ ವರದಿ ಓದಿದೆನೆಂದು ಬರೆದಿದ್ದೆನಲ್ಲ, ಕೊನೆಯ ಸಾಲು ಓದಲಿಲ್ಲ. ಕಫದ ಪರೀಕ್ಷೆ ಅಂದ ಕೂಡಲೇ ಉತ್ತಮಣ್ಣ ಅವಳನ್ನು ಅದೇ ದಿನ ಹೊರಗೆ ಹಾಕುತ್ತಿದ್ದರು. ಆಮೇಲೆ ಮೆಲ್ಲಗೆ ನಾನೇ ಕರೆದೊಯ್ದು ಮಾಡಿಸಿದರಾಯಿತು ಎಂದುಕೊಂಡೆ. ಶ್ರಾವಣ ಬಂತು, ಚಾತುರ್ಮಾಸದ ಉಪವಾಸ ಬಂತು, ಕೆಮ್ಮು ಸ್ವಲ್ಪ ಇಳಿದ ಹಾಗೂ ಇತ್ತು. ಹೇಗೂ ಗಾಳಿ ಹೊರಗೆ ಹೋಗುತ್ತದಲ್ಲ ಎಂದು ನಿನ್ನ ನೀಲಿ ಬಾಣಗಳನ್ನು ನಂಬಿ ಸುಮ್ಮನಾದೆ. ಅವಳನ್ನು ಉಳಿಸಿಕೊಳ್ಳಬೇಕೆಂದು ಅವಳ ರೋಗವನ್ನೂ ಉಳಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದು ನನ್ನಂಥವರನ್ನು ನೋಡಿಯೇ.

ಆದರೂ ಒಂದು ಕೇಳಬೇಕು. ಗಾಳಿ ತಾಸಿಗೆ ಏಳು ಸಲ ಬದಲಾಗುತ್ತದೆ ಎಂದಿದ್ದೆಯಲ್ಲ. ಹಾಗಿದ್ದರೆ ಆ ಹುಡುಗಿಗೆ ಹೇಗೆ ಬಂತು?

ಚಂಪಾಬಾಯಿ

❖

ಬೆಳಗಾವಿ
9 ಜನವರಿ 2024

ಮಾವಶಿ,

ಹೇಗೆ ಬಂತು ಎಂದು ನನಗೆ ಗೊತ್ತು. ಆ ವರದಿ ಕಳಿಸುವ ಮೊದಲೂ ಗೊತ್ತಿತ್ತು.

ನಾನು ಆ ಪಡಸಾಲೆಯಲ್ಲಿ ಹನ್ನೊಂದು ವರ್ಷ ಮಲಗಿದ್ದೇನೆ. ಸಂಜೆ ದೀಪ ಹಚ್ಚುವ ಮೊದಲು ಏಳೂ ಕಿಟಕಿ ಮುಚ್ಚುವ ಕೆಲಸ ನನ್ನದೇ ಆಗಿತ್ತು. "ದೀಪಕ್ಕ ಹುಳ ಬರತಾವ, ಬಂದು ಸುಟ್ಟುಕೊಂಡು ಸಾಯ್ತಾವ. ಅವಕ್ಕೂ ಜೀವ ಐತೆವ್ವಾ," ಎಂದು ನೀನೇ ಕಲಿಸಿದ್ದೆ. ಕತ್ತಲೆಗೆ ಹೆದರುವ ಸಣ್ಣವರಿಗಾಗಿ ಒಂದು ಬಲ್ಬು ಬೆಳಗಿನ ತನಕ ಉರಿಯುತ್ತದೆ. ಹಾಗಾಗಿ ಕಿಟಕಿಗಳೂ ಬೆಳಗಿನ ತನಕ ಮುಚ್ಚಿರುತ್ತವೆ. ನಮ್ಮ ಪಡಸಾಲೆಯ ಕಿಟಕಿಗಳು ತೆರೆದಿರುವುದು ಹಗಲು, ಒಳಗೆ ಯಾರೂ ಮಲಗದ ಹೊತ್ತಿನಲ್ಲಿ.

ನಾನು ಎರಡು ಲೆಕ್ಕ ಮಾಡಿದ್ದೆ. ಒಂದು ಕಿಟಕಿ ತೆರೆದು, ಅದನ್ನು ಕಳಿಸಿದೆ. ಇನ್ನೊಂದು ಕಿಟಕಿ ಮುಚ್ಚಿ. ಅದರಲ್ಲಿ ಗಾಳಿ ತಾಸಿಗೆ ಅರ್ಧ ಸಲವೂ ಬದಲಾಗಲಿಲ್ಲ. ಕೆಂಪು ಬಣ್ಣ ಪೂರ್ವದ ಮೂಲೆಯಲ್ಲಿ ಎದ್ದು, ಮೊದಲು ಪಕ್ಕದ ಹಾಸಿಗೆಯನ್ನು ಮುಚ್ಚಿತು, ಬೆಳಗಾಗುವುದರೊಳಗೆ ಇಡೀ ಪಡಸಾಲೆ ತುಂಬಿತು. ಪಕ್ಕದ ಹಾಸಿಗೆ ಯಾರದು ಎಂದು ನೀನು ಬರೆದಿದ್ದೆ.

ಯಾಕೆ ಕಳಿಸಲಿಲ್ಲ ಅಂದರೆ, ಕಿಟಕಿಯ ಮಾತು ನಿನಗೆ ಬರೆಯುವ ಮುಖ ನನಗಿರಲಿಲ್ಲ. ಗೌರೀಶರನ್ನು ಲಗ್ನವಾಗುತ್ತೇನೆ ಎಂದಾಗ, ಬೇರೆ ಮತದವನ ಕೈಹಿಡಿದು ಈ ಹೊಸ್ತಿಲು ತುಳಿಯಬೇಡ ಎಂದೆ ನೀನು. ನಾನು ಏನಂದೆ ನೆನಪಿದೆಯಲ್ಲ? "ಹುಳ ಉಳಿಸಾಕ ಕಿಡಕಿ ಹಾಕವರಿಗೆ ಮನಷ್ಯಾರಿಗೆ ಬಾಗಲಾ ಹಾಕೂದು ಭಾಳ ಸಲೀಸು." ನಿನ್ನ ಮುಖ ಹೇಗಾಯಿತೆಂದು ನೋಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನಿಂದ ಆರು ವರ್ಷ ಒಂದು ತಾಸಿನ ದಾರಿಯನ್ನು ನಾನು ದಾಟಲಿಲ್ಲ.

ಆರು ವರ್ಷದ ಮೇಲೆ ಬಂದ ಮೊದಲ ಪತ್ರಕ್ಕೆ ಮತ್ತೆ ಅದೇ ಕಿಟಕಿ ಎತ್ತಿ ಹೇಗೆ ಉತ್ತರ ಬರೆಯಲಿ? ರಾತ್ರಿ ಕಿಟಕಿ ತೆರೆಯಿರಿ ಎಂದರೆ, ನಿನ್ನ ವ್ರತವನ್ನು ಮತ್ತೊಮ್ಮೆ ಹಂಗಿಸಿದೆ ಅಂದುಕೊಂಡು ಕಾಗದ ನಿಲ್ಲಿಸಿಬಿಡುತ್ತೀ ಎಂದು ಹೆದರಿದೆ. ಈಗ ಪದ್ಧತಿ ಬದಲಾಗಿರಬಹುದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. 'ಕಿಟಕಿಗಳು ತೆರೆದಿದ್ದಾಗ' ಎಂಬ ಮಾತು ವರದಿಯಲ್ಲಿದೆ, ಜಾಣತನದಿಂದ ಹಾಕಿದ್ದೇನೆ. ಕಾನೂನಿಗೆ ಅದು ಸಾಕು. ಒಂದು ಭಾನುವಾರ ಬಸ್ಸು ಹತ್ತಿ ಬಂದಿದ್ದರೆ ಎಲ್ಲ ಕಣ್ಣೆದುರಿಗೇ ಇತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಸ್ನೇಹಲಾ

❖

ಬೆಳಗಾವಿ
18 ಫೆಬ್ರವರಿ 2024

ಮಾವಶಿ,

ನಲವತ್ತು ದಿನವಾಯಿತು. ನೀನು ಬರೆಯುವುದಿಲ್ಲ ಎಂದು ತಿಳಿದೇ ಇದನ್ನು ಬರೆಯುತ್ತಿದ್ದೇನೆ.

ಪೀರನವಾಡಿಗೆ ಹೋಗಿದ್ದೆ. ಫಕೀರವ್ವ ಮನೆಯ ಹೊರಗೆ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದಳು. ಮನೆಯಲ್ಲಿ ಎರಡು ಸಣ್ಣ ಮಕ್ಕಳಿವೆ, ಅದಕ್ಕೇ ಅವಳು ಒಳಗೆ ಹೋಗುವುದೇ ಇಲ್ಲವಂತೆ. ನನ್ನನ್ನು ದೂರದಿಂದಲೇ ಗುರುತು ಹಿಡಿದು ಕೈ ಅಡ್ಡ ಮಾಡಿದಳು. "ಅಲ್ಲೇ ನಿಂದರವ್ವಾ. ಗಾಳಿ ನನ್ನ ಕಡಿಂದ ನಿನ್ನ ಕಡಿ ಐತಿ." ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಎಂದು ಅವಳು ನನಗೆ ಹೇಳಿದಳು. ನಾನು ನಿಂತೆ.

ತಲೆದಿಂಬಿನ ಕೆಳಗಿನಿಂದ ಆ ವರದಿ ತೆಗೆದು ತೋರಿಸಿದಳು, ಮಡಿಕೆಗಳಲ್ಲಿ ಹರಿದಿದೆ. ಅದರಲ್ಲಿ ತಪ್ಪಿತ್ತು ಎಂದು ಹೇಳಲೆಂದೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಅಂದಳು, "ಯಾರರೆ ಏನರೆ ಅನ್ನಲಿ, ನೀ ಬರದದ್ದು ಖರೇನ ಇರತೈತಿ. ಕಾಗದದಾಗ ಏನೂ ತಪ್ಪಿಲ್ಲ. ನನ್ನ ಕೆಮ್ಮನ ಕೆಟ್ಟದ್ದು." ಇಷ್ಟು ಹೇಳಿ ನಕ್ಕಳು. ಹಿಂಡಿ ಮುಗಿಯಿತೇ ಎಂದು ಕೇಳಿದಳು. ನನಗೆ ಹೇಳಲು ಆಗಲಿಲ್ಲ, ಮಾವಶಿ. ನನ್ನನ್ನು ಒಳ್ಳೆಯವಳೆಂದು ನಂಬಿದ ಆ ಮುಖ ನನ್ನೆದುರಿಗೇ ಬದಲಾಗುವುದನ್ನು ನೋಡುವ ಧೈರ್ಯ ಬರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದುಕೊಂಡು ಬಂದೆ. ಮುಂದಿನ ವಾರ ಹೋದೆ, ಅವತ್ತೂ ಹಣ್ಣು ಕೊಟ್ಟು ಬಂದೆ.

ನೀನಾದರೂ ಹೋಗಿ ಹೇಳು. ನೀನು ಹೇಳಿದರೆ ನಂಬುತ್ತಾಳೆ.

ಸ್ನೇಹಲಾ

❖

ಖಾನಾಪುರ
14 ಮಾರ್ಚ್ 2024

ಸ್ನೇಹಲಾ,

ಫಕೀರವ್ವ ಮಾರ್ಚ್ ಎರಡಕ್ಕೆ ತೀರಿಕೊಂಡಳು. ಗುಳಿಗೆ ತಡೆಯುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲವಂತೆ. ತಂಗಿಯ ಮಗ ಬೋರ್ಡಿಂಗಿಗೆ ಫೋನ್ ಮಾಡಿದ, ನಿನ್ನ ನಂಬರು ಅವನ ಹತ್ತಿರ ಇರಲಿಲ್ಲ. ನಾನು ಹೋಗುವುದರೊಳಗೆ ಮಣ್ಣು ಮಾಡಿದ್ದರು. ಅವಳ ಜೊತೆ ನಿನ್ನ ಕಾಗದವನ್ನೂ ಇಟ್ಟರಂತೆ, ಅವಳೇ ಹೇಳಿದ್ದಳಂತೆ. ಅಲ್ಲಿಂದ ನಿನ್ನ ಮನೆ ಅರ್ಧ ತಾಸು. ಬೆಳಗಾವಿಯ ಎರಡು ಬಸ್ಸು ಬಿಟ್ಟು ಸ್ಟಾಪಿನಲ್ಲೇ ನಿಂತಿದ್ದೆ. ಮೂರನೆಯದು ಖಾನಾಪುರದ್ದು ಬಂತು, ಹತ್ತಿಬಿಟ್ಟೆ.

ನಾನೂ ಅವಳಿಗೆ ಹೇಳಲಿಲ್ಲ. ನಿನ್ನ ಕಾಗದ ಬಂದ ಮೇಲೆ ಹೋಗಬೇಕೆಂದು ಎರಡು ಸಲ ಸೀರೆ ಉಟ್ಟು ಬಿಚ್ಚಿದೆ. ತನ್ನ ಕೆಮ್ಮೇ ಕೆಟ್ಟದ್ದು ಎಂದು ತಿಳಿದೇ ಅವಳು ಹೋದಳು. ಇನ್ನು ಯಾರು ಹೋಗಿ ಹೇಳಿದರೂ ಕೇಳಲಾರಳು.

ನಿನ್ನ ಮೇಲೆ ಸಿಟ್ಟು ಬಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಮೊದಲ ಕಾಗದದ ಮಾತು ತೆಗೆದು ನೋಡು. ಏಳು ಕಿಟಕಿ, ಎಲ್ಲವೂ ಚೆನ್ನಾಗಿ ತೆರೆಯುತ್ತವೆ ಎಂದು ಬರೆದವಳು ನಾನು. ಯಾವಾಗ ತೆರೆಯುತ್ತವೆ ಎಂದು ಬರೆಯಲಿಲ್ಲ. ಬರೆಯಲು ಪೆನ್ನು ಎತ್ತಿದಾಗ ನೀನು ಅವತ್ತು ಆಡಿದ ಮಾತು ನೆನಪಾಯಿತು. ಮತ್ತೆ ಈ ಹುಡುಗಿಯ ಬಾಯಿಗೆ ನನ್ನ ಕಿಟಕಿಗಳನ್ನು ಯಾಕೆ ಕೊಡಲಿ ಎಂದು ಸುಮ್ಮನಾದೆ. ಅವಳಿಗೇ ಗೊತ್ತು, ಅವಳೇ ಹನ್ನೊಂದು ವರ್ಷ ಮುಚ್ಚಿದ್ದಾಳೆ, ಎಂದು ಮನಸ್ಸಿಗೆ ಹೇಳಿಕೊಂಡೆ. ನೀನೂ ಹಾಗೇ ಹೇಳಿಕೊಂಡೆ. ನಾವಿಬ್ಬರೂ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿದ್ದೆವು, ಅದರ ಗಾಳಿ ನಿಖಿತಾ ಕುಡಿದಳು.

ಹೋದ ವಾರ ಬಡಿಗೇರ ಸಿದರಾಯನನ್ನು ಕರೆಸಿದೆ. ನನ್ನ ತೊಂದರೆ ಕೇಳಿ ಅವನು ನನ್ನ ಮುಖವನ್ನೇ ನೋಡಿದ. "ಕಿಡಕಿ ತಗೀಬೇಕು, ಹುಳ ಬರಬಾರದು, ಇಷ್ಟನಲ್ಲರಿ? ಜಾಳಗಿ ಹೊಡದ್ರ ಆತು," ಎಂದ. ಸೊಳ್ಳೆ ಜಾಳಿಗೆ, ಪೇಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಬೆಳಿಗ್ಗೆ ಬಂದವನು ಸಂಜೆ ದೀಪ ಹಚ್ಚುವುದರೊಳಗೆ ಏಳೂ ಕಿಟಕಿ ಮುಗಿಸಿ ಹೋದ. ಒಂದು ದಿನದ ಕೆಲಸ, ಸ್ನೇಹಲಾ. ಇಪ್ಪತ್ತೇಳು ವರ್ಷ ಈ ಬೋರ್ಡಿಂಗು ನಡೆಸಿದೆ, ನನಗೆ ಹೊಳೆಯಲಿಲ್ಲ. ನೀನು ಕಿಟಕಿ ಅಂತ ಒಂದೇ ಮಾತು ಬರೆದಿದ್ದರೆ ನಾನು ಎರಡು ದಿನ ಉರಿದುಕೊಂಡು, ಮೂರನೇ ದಿನ ಸಿದರಾಯನನ್ನು ಕರೆಯುತ್ತಿದ್ದೆ. ಅಷ್ಟೂ ನಂಬಿಕೆ ನಿನಗೆ ನನ್ನ ಮೇಲೆ ಇರಲಿಲ್ಲ, ನನಗೆ ನಿನ್ನ ಮೇಲೂ ಇರಲಿಲ್ಲ.

ಮೊದಲ ಸಂಜೆ ಫಕೀರವ್ವನ ಜಾಗದಲ್ಲಿ ಕೂತು ಒಂದು ಊದಿನಕಡ್ಡಿ ಹಚ್ಚಿ ಹಿಡಿದೆ. ಹೊಗೆ ನೆಟ್ಟಗೆ ಕಿಟಕಿಯಿಂದ ಹೊರಗೆ ಹೋಯಿತು, ನಿನ್ನ ಚಿತ್ರದಲ್ಲಿ ಇದ್ದ ಹಾಗೆಯೇ. ಹುಳಗಳು ಜಾಳಿಗೆಯ ಆಚೆ ಕೂತಿದ್ದವು, ಒಂದೂ ಸಾಯಲಿಲ್ಲ. ಜಾಳಿಗೆಯಿಂದ ಗಾಳಿ ಎಷ್ಟು ಕಡಿಮೆಯಾಗುತ್ತದೆ ಎಂದು ನೀನೇ ಬಂದು ನೋಡಬೇಕು. ಕಂಪ್ಯೂಟರಿನಲ್ಲಿ ನೋಡುವುದು ಬೇಡ, ಬಂದು ನೋಡು. ಗೌರೀಶರನ್ನೂ ಕರೆದುಕೊಂಡು ಬಾ. ಹೊಸ್ತಿಲು ತುಳಿಯಬೇಡ ಎಂದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಡವಾಯಿತು, ಆದರೂ ತೆಗೆದುಕೊಂಡಿದ್ದೇನೆ.

ನಿಖಿತಾ ಪರೀಕ್ಷೆ ಬರೆಯಲು ವಾಪಸು ಬಂದಿದ್ದಾಳೆ. ಇನ್ನು ಅವಳಿಂದ ಯಾರಿಗೂ ಭಯವಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಹಾಸಿಗೆಯನ್ನು ಅದೇ ಜಾಗದಲ್ಲಿ ಹಾಸಿಕೊಂಡಳು, ಪಕ್ಕದ ಜಾಗ ಖಾಲಿ ಬಿಟ್ಟಿದ್ದಾಳೆ. ನಿನ್ನೆ ಸಂಜೆ ಜಾಳಿಗೆಯನ್ನು ಕೈಯಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು.

"ಇಷ್ಟ ಸಣ್ಣ ಕೆಲಸ ಇತ್ತಲ್ಲರಿ ಬಾಯಾರ, ಮೊದಲ ಯಾಕ ಮಾಡಸಲಿಲ್ಲ?"

ನಾಳೆ ಹೇಳುತ್ತೇನೆ ಎಂದಿದ್ದೇನೆ. ಬೇಗ ಬಾ. ಅವಳ ಎದುರಿಗೆ ಕೂತು ಉತ್ತರ ಹೇಳಲು ನನ್ನೊಬ್ಬಳಿಂದ ಆಗುವುದಿಲ್ಲ.

ದಾರಿ ನೋಡುತ್ತಿರುವ
ನಿನ್ನ ಮಾವಶಿ